ಹಡಗು ತೇಲಿತು, ಲೆಕ್ಕ ಮುಳುಗಿತು: ಮಿಲ್‌ವಾಲ್ ಯಾರ್ಡಿನ ಪ್ರಕರಣ

ಲಂಡನ್ನಿನ ಮಿಲ್‌ವಾಲ್‌ನಲ್ಲಿ ವಿಲಿಯಂ ಫೇರ್‌ಬೇರ್ನ್ ಕಬ್ಬಿಣದ ಹಡಗು ಕಟ್ಟಲು ಶುರು ಮಾಡಿದ್ದು 1835ರಲ್ಲಿ. ಯಾರ್ಡ್ ಕೈಬಿಟ್ಟಿದ್ದು 1848ರಲ್ಲಿ. ನಡುವಿನ 13 ವರ್ಷದಲ್ಲಿ 80ಕ್ಕೂ ಜಾಸ್ತಿ ಹಡಗು, ದೋಣಿಗಳು ಅಲ್ಲಿಂದ ನೀರಿಗಿಳಿದವು. ಕೈಬಿಟ್ಟು ಹೋದ ದುಡ್ಡು 1 ಲಕ್ಷ ಪೌಂಡಿಗೂ ಜಾಸ್ತಿ. ಆಗಿನ ಇಂಗ್ಲೆಂಡಿನಲ್ಲಿ ಕೈಯಲ್ಲಿ ಕಸುಬಿದ್ದ ಒಬ್ಬ ಕೆಲಸಗಾರನಿಗೆ ವಾರಕ್ಕೆ ಒಂದೂವರೆ ಪೌಂಡು ಸಿಕ್ಕರೆ ಅದೇ ಒಳ್ಳೆ ಸಂಬಳ. ಹಾಗಾಗಿ ಇದು ಸಣ್ಣ ಪೆಟ್ಟಲ್ಲ.

ಫೇರ್‌ಬೇರ್ನ್ ವ್ಯಾಪಾರ ಗೊತ್ತಿಲ್ಲದವರೇನಲ್ಲ. ಮ್ಯಾಂಚೆಸ್ಟರಿನ ಹತ್ತಿ ಗಿರಣಿಗಳಿಗೆ ಯಂತ್ರ ಕೂರಿಸಿ ಹೆಸರೂ ಮಾಡಿದ್ದರು, ಹಣವೂ ಮಾಡಿದ್ದರು. ಹಡಗುಗಳಿಗೆ ಗಿರಾಕಿಗಳಿಲ್ಲ ಅಂತಲೂ ಅಲ್ಲ. ರಷ್ಯಾದ ಚಕ್ರವರ್ತಿಯಿಂದ ಹಿಡಿದು ಬ್ರಿಟಿಷ್ ನೌಕಾಪಡೆಯವರೆಗೆ ಜನ ಬಂದಿದ್ದರು. ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಆ ಯಾರ್ಡಿನಲ್ಲಿ ನಿಜಕ್ಕೂ ತಯಾರಾದದ್ದು ಏನು?

ಕಾಲುವೆಯಿಂದ ಶುರುವಾದ ಹುಚ್ಚು

ಫೇರ್‌ಬೇರ್ನ್ ಹುಟ್ಟಿದ್ದು 1789ರಲ್ಲಿ, ಸ್ಕಾಟ್ಲೆಂಡಿನ ಕೆಲ್ಸೊ ಊರಿನಲ್ಲಿ. ಬಡವರ ಮನೆ. ಹರೆಯದಲ್ಲಿ ನ್ಯೂಕ್ಯಾಸಲ್ ಕಡೆಯ ಕಲ್ಲಿದ್ದಲ ಗಣಿಯಲ್ಲಿ ಕೆಲಸ ಕಲಿತರು. ಅಲ್ಲಿ ಜಾರ್ಜ್ ಸ್ಟೀಫನ್‌ಸನ್ ಗೆಳೆಯರಾದರು. ಮುಂದೆ ರೈಲು ಎಂಜಿನ್ನಿನಿಂದ ಜಗತ್ತಿಗೇ ಗೊತ್ತಾದ ಸ್ಟೀಫನ್‌ಸನ್ ಆಗ ಇನ್ನೂ ಗಣಿ ಕಡೆ ಎಂಜಿನ್ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಅವರು ನಾಲ್ಕು ಕಾಸು ಜಾಸ್ತಿ ದುಡಿಯಲಿ ಅಂತ ಎಂಜಿನ್ ಪಕ್ಕ ಫೇರ್‌ಬೇರ್ನ್ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಸ್ಟೀಫನ್‌ಸನ್ ಹೋಗಿ ಹಡಗುಗಳಲ್ಲಿ ಭಾರಕ್ಕೆಂದು ತುಂಬಿದ ಮರಳು ಎತ್ತುತ್ತಿದ್ದರು. ಈ ಗೆಳೆತನ ನೆನಪಿರಲಿ, ಸ್ಟೀಫನ್‌ಸನ್ನರ ಮಗ ಮುಂದೆ ಮಿಲ್‌ವಾಲ್‌ಗೆ ಬರುತ್ತಾರೆ.

1817ರಲ್ಲಿ ಫೇರ್‌ಬೇರ್ನ್ ಮ್ಯಾಂಚೆಸ್ಟರಿನಲ್ಲಿ ಜೇಮ್ಸ್ ಲಿಲ್ಲಿ ಜೊತೆ ಪಾಲುದಾರಿಕೆಯಲ್ಲಿ ವರ್ಕ್‌ಶಾಪ್ ಹಾಕಿದರು. ಗಿರಣಿ ಕೆಲಸ ಚೆನ್ನಾಗಿ ನಡೆಯಿತು. ಹಡಗಿನ ಹುಚ್ಚು ಹತ್ತಿದ್ದು ಸಮುದ್ರ ನೋಡಿ ಅಲ್ಲ, ಕಾಲುವೆ ನೋಡಿ. ರೈಲು ಬರುತ್ತಿದೆ ಅಂತ ಕಾಲುವೆ ಕಂಪನಿಗಳಿಗೆ ಆಗ ಭಯ ಶುರುವಾಗಿತ್ತು. ಗ್ಲಾಸ್ಗೋ ಕಡೆ ಒಂದು ವಿಚಿತ್ರ ಸುದ್ದಿ ಹಬ್ಬಿತ್ತು. ದೋಣಿ ಎಳೆಯುತ್ತಿದ್ದ ಕುದುರೆಯೊಂದು ಬೆದರಿ ಓಡಿದಾಗ ದೋಣಿ ತನ್ನದೇ ಅಲೆಯ ಮೇಲೆ ಏರಿ ಕೂತು, ಹಗುರಾಗಿ ಜಾರಿಕೊಂಡು ಹೋಯಿತಂತೆ. ಜೋರಾಗಿ ಎಳೆದರೆ ತಡೆ ಜಾಸ್ತಿಯಾಗಬೇಕು, ಇಲ್ಲಿ ಕಮ್ಮಿಯಾಗಿತ್ತು. 1830ರಲ್ಲಿ ಫೋರ್ತ್ ಅಂಡ್ ಕ್ಲೈಡ್ ಕಾಲುವೆಯವರು ಫೇರ್‌ಬೇರ್ನ್ ಅವರನ್ನು ಕರೆಸಿ ಇದರ ಪರೀಕ್ಷೆ ಮಾಡಿಸಿದರು. ಮರುವರ್ಷ ಅವರು ಮ್ಯಾಂಚೆಸ್ಟರಿನಲ್ಲೇ 'ಲಾರ್ಡ್ ಡಂಡಾಸ್' ಎಂಬ ಕಬ್ಬಿಣದ ಉಗಿ ದೋಣಿ ಕಟ್ಟಿದರು. ಉದ್ದ 68 ಅಡಿ. ನೀರು ತಳ್ಳುವ ಚಕ್ರ ದೋಣಿಯ ನಡುಮಧ್ಯೆ.

ಕಾಲುವೆಯಲ್ಲಿ ಉಗಿ ದೋಣಿ ರೈಲನ್ನು ಸೋಲಿಸಲಿಲ್ಲ, ಬಿಡಿ. ಆದರೆ ತೆಳ್ಳಗಿನ ಕಬ್ಬಿಣದ ತಗಡಿನಿಂದ ಮಾಡಿದ ದೋಣಿ ಇಷ್ಟು ಹಗುರ, ಇಷ್ಟು ಗಟ್ಟಿ ಇರುತ್ತದಾ ಅನ್ನುವುದು ಫೇರ್‌ಬೇರ್ನ್ ತಲೆಯಲ್ಲಿ ಕೂತುಬಿಟ್ಟಿತು. 1832ರಲ್ಲಿ ಲಿಲ್ಲಿ ಜೊತೆಗಿನ ಪಾಲುದಾರಿಕೆ ಮುಗಿದಿತ್ತು. ಇನ್ನು ಅವರನ್ನು ತಡೆಯುವವರು ಯಾರೂ ಇರಲಿಲ್ಲ.

ಕಬ್ಬಿಣದ ಹಡಗು ಆಗ ಹೊಚ್ಚ ಹೊಸದೇನಲ್ಲ. 'ಏರನ್ ಮ್ಯಾನ್ಬಿ' ಎಂಬ ಕಬ್ಬಿಣದ ಉಗಿ ಹಡಗು 1822ರಲ್ಲೇ ಇಂಗ್ಲಿಷ್ ಕಡಲ್ಗಾಲುವೆ ದಾಟಿ ಪ್ಯಾರಿಸ್ ತಲುಪಿತ್ತು. ಬರ್ಕನ್‌ಹೆಡ್‌ನಲ್ಲಿ ಲೈರ್ಡ್ ಕುಟುಂಬ 1829ರಿಂದ ಕಬ್ಬಿಣದ ದೋಣಿ ಮಾಡುತ್ತಿತ್ತು. ಆದರೂ ಇಡೀ ಯಾರ್ಡನ್ನೇ ಕಬ್ಬಿಣಕ್ಕೆಂದು ಕಟ್ಟುವ ಧೈರ್ಯ ಮಾಡಿದವರು ಆಗ ಬೆರಳೆಣಿಕೆಯಷ್ಟು.

ಮ್ಯಾಂಚೆಸ್ಟರ್ ಬಿಟ್ಟಿದ್ದು ಯಾಕೆ

ಮ್ಯಾಂಚೆಸ್ಟರ್ ಕಡಲ ತೀರದ ಊರಲ್ಲ. ಸಣ್ಣ ದೋಣಿ ಹೇಗೋ ಸಾಗಿಸಬಹುದು, ದೊಡ್ಡದನ್ನು ಏನು ಮಾಡುವುದು? ಸ್ವಿಟ್ಜರ್ಲೆಂಡಿನ ಜೂರಿಕ್ ಸರೋವರಕ್ಕೆಂದು ಕಟ್ಟಿದ 'ಮಿನರ್ವಾ' ಕತೆ ಇದಕ್ಕೆ ಸಾಕ್ಷಿ. ಹಡಗು ತಯಾರಾದದ್ದು ಮ್ಯಾಂಚೆಸ್ಟರಿನಲ್ಲಿ. ಅಲ್ಲಿಂದ ಪೂರ್ವ ತೀರದ ಹಲ್ ಬಂದರು, ಅಲ್ಲಿಂದ ಸಮುದ್ರ ದಾಟಿ ರಾಟರ್‌ಡ್ಯಾಮ್, ಆಮೇಲೆ ರೈನ್ ನದಿಯ ಮೇಲ್ಮುಖ ಪ್ರಯಾಣ. ಕೊನೆಗೆ ಬಿಚ್ಚಿ, ಗಾಡಿಗಳ ಮೇಲೆ ಹೇರಿ, ಜೂರಿಕ್‌ನಲ್ಲಿ ಮತ್ತೆ ಜೋಡಿಸಿ 1835ರಲ್ಲಿ ನೀರಿಗಿಳಿಸಿದರು. ಆ ಸರೋವರದ ಮೊದಲ ಉಗಿ ಹಡಗು ಅದೇ. ಕಬ್ಬಿಣವಾದ್ದರಿಂದ ಬಿಚ್ಚಿ ಜೋಡಿಸಲು ಸಾಧ್ಯವಾಯಿತು ಅನ್ನುವುದು ನಿಜ. ಆದರೆ ಪ್ರತಿ ಹಡಗಿಗೂ ಹೀಗೆ ಮಾಡಿದರೆ ಉಳಿಯುವುದೇನು?

ಅದಕ್ಕೇ ಅದೇ ವರ್ಷ ಮಿಲ್‌ವಾಲ್. ಥೇಮ್ಸ್ ನದಿ ಲಂಡನ್ನಿನ ಪೂರ್ವಕ್ಕೆ ದೊಡ್ಡದಾಗಿ ಬಳುಕಿ ತಿರುಗುವ ಕಡೆ ಆಗ ಒಂದು ಜೌಗು ನೆಲ ಇತ್ತು. 'ನಾಯಿಗಳ ದ್ವೀಪ' ಅನ್ನುವ ಅರ್ಥದ ಹೆಸರು ಅದಕ್ಕೆ. ನೆರೆ ತಡೆಯಲು ಕಟ್ಟಿದ್ದ ಒಡ್ಡಿನ ಮೇಲೆ ಹಿಂದೆ ಗಾಳಿಗಿರಣಿಗಳಿದ್ದವು. ಆ ಗಿರಣಿ, ಆ ಒಡ್ಡು, ಎರಡೂ ಸೇರಿ ಮಿಲ್‌ವಾಲ್. ಜಾಗ ಖಾಲಿ ಇತ್ತು, ನದಿ ಅಗಲ ಇತ್ತು, ಹಡಗು ಕೊಳ್ಳುವವರೆಲ್ಲ ಲಂಡನ್ನಿನಲ್ಲೇ ಇದ್ದರು. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ಉಸ್ತುವಾರಿಗೆ ತಮ್ಮ ಕೈಕೆಳಗೆ ಪಳಗಿದ ಆಂಡ್ರೂ ಮರ್ರೆ ಅವರನ್ನು ಪಾಲು ಕೊಟ್ಟು ಕೂರಿಸಿದರು. ಫೇರ್‌ಬೇರ್ನ್ ಮಾತ್ರ ಮ್ಯಾಂಚೆಸ್ಟರ್ ಬಿಡಲಿಲ್ಲ. ಎರಡು ಊರಿನ ನಡುವೆ ಸುಮಾರು 200 ಮೈಲಿ. ಲಂಡನ್ನಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಪೂರ್ತಿ ರೈಲು ಬಂದಿದ್ದೇ 1838ರಲ್ಲಿ. ಅಲ್ಲಿಯವರೆಗೆ ಕುದುರೆ ಗಾಡಿಯೇ ಗತಿ.

ಕಮ್ಮಾರರು ಕಟ್ಟಿದ ಹಡಗು

ಮಂಗಳೂರಿನ ಹಳೇ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸಾಮಾನು ಒಯ್ಯುವ ಮಂಜಿಗಳನ್ನು ನೋಡಿದ್ದೀರಾ? ಮರದ ಹಡಗು ಅಂದರೆ ಹಲಗೆಗಳ ಜೋಡಣೆ. ಹಲಗೆಗಳ ಸಂದಿಗೆ ನಾರು, ಹತ್ತಿ ತುರುಕಿ ನೀರು ತಡೆಯಬೇಕು. ಹಡಗು ದೊಡ್ಡದಾದಷ್ಟೂ ಸಂದಿಗಳು ಅಲುಗಾಡುತ್ತವೆ, ಮೈ ಬಳುಕುತ್ತದೆ. ಹಾಗಾಗಿ ಮರದ ಹಡಗಿನ ಉದ್ದಕ್ಕೆ ಒಂದು ಮಿತಿ ಇತ್ತು.

ಕಬ್ಬಿಣದ ಹಡಗು ಹಾಗಲ್ಲ. ಅದು ಒಂದು ರೀತಿಯಲ್ಲಿ ದೊಡ್ಡ ಬಾಯ್ಲರ್. ಮೊದಲು ನೆಲದ ಮೇಲೆ ಹಡಗಿನ ಆಕಾರವನ್ನು ಪೂರ್ತಿ ಅಳತೆಯಲ್ಲಿ ಗೀಚುತ್ತಾರೆ. L ಆಕಾರದ ಕಬ್ಬಿಣದ ಪಟ್ಟಿಯನ್ನು ಕುಲುಮೆಯಲ್ಲಿ ಕೆಂಪಗೆ ಕಾಯಿಸಿ, ತೂತುಗಳಿರುವ ದಪ್ಪ ಕಬ್ಬಿಣದ ಹಾಸಿನ ಮೇಲೆ ಗೂಟ ನೆಟ್ಟು, ಅದಕ್ಕೆ ಒತ್ತಿ ಬಗ್ಗಿಸುತ್ತಾರೆ. ಇವು ಹಡಗಿನ ಪಕ್ಕೆಲುಬುಗಳು. ಅದರ ಮೇಲೆ ತಗಡು ಹೊದಿಸಿ ರಿವೆಟ್ ಅನ್ನುವ ದಪ್ಪ ಮೊಳೆ ಹೊಡೆಯುತ್ತಾರೆ. ಒಬ್ಬ ಹುಡುಗ ರಿವೆಟ್ ಕಾಯಿಸಿ ಕೊಡುತ್ತಾನೆ. ಒಳಗಿನಿಂದ ಒಬ್ಬ ಭಾರದ ಸುತ್ತಿಗೆ ಒತ್ತಿ ಹಿಡಿಯುತ್ತಾನೆ. ಹೊರಗಿನಿಂದ ಇಬ್ಬರು ಸರದಿಯಲ್ಲಿ ಬಡಿಯುತ್ತಾರೆ. ರಿವೆಟ್ ತಣ್ಣಗಾಗುತ್ತ ಕುಗ್ಗಿ ಎರಡು ತಗಡುಗಳನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಬಡಗಿಯ ಕಸುಬು ಕಮ್ಮಾರನ ಕೈಗೆ ಹೋಗಿದ್ದು ಹೀಗೆ.

ಆ ನಾಲ್ಕು ಜನರ ತಂಡ ಗಂಟೆಗೆ ಸುಮಾರು 40 ರಿವೆಟ್ ಹೊಡೆಯುತ್ತಿತ್ತು. ಮ್ಯಾಂಚೆಸ್ಟರಿನಲ್ಲಿ ಬಾಯ್ಲರ್ ಕೆಲಸದವರು ಮುಷ್ಕರ ಹೂಡಿದಾಗ ಫೇರ್‌ಬೇರ್ನ್ ಸಿಟ್ಟಿನಿಂದಲೇ ರಿವೆಟ್ ಯಂತ್ರ ಮಾಡಿಸಿದರು. ಇಬ್ಬರು ಗಂಡಸರು, ಇಬ್ಬರು ಹುಡುಗರು ಇದ್ದರೆ ನಿಮಿಷಕ್ಕೆ 8 ರಿವೆಟ್. ಅಂದರೆ ಕೈಕೆಲಸದ 12 ಪಟ್ಟು. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಯಂತ್ರ ನಿಂತಲ್ಲೇ ನಿಲ್ಲುತ್ತಿತ್ತು. ಬಾಯ್ಲರನ್ನು ಯಂತ್ರದ ಹತ್ತಿರ ತರಬಹುದು, ಅಟ್ಟಣಿಗೆಯ ಮೇಲೆ ನಿಂತ ಹಡಗನ್ನು ತರಲಾಗದು. ಹಡಗಿನ ಮೈಗೆ ಮನುಷ್ಯನ ಕೈಯೇ ಬೇಕಾಗಿತ್ತು.

ಇದರ ಜೊತೆಗೆ ಥೇಮ್ಸ್ ದಂಡೆಯ ಕಷ್ಟ ಇತ್ತು. ಹತ್ತಿರದಲ್ಲಿ ಕಬ್ಬಿಣವಿಲ್ಲ, ಕಲ್ಲಿದ್ದಲಿಲ್ಲ. ಕಲ್ಲಿದ್ದಲು ಉತ್ತರದಿಂದ ಹಡಗಿನಲ್ಲಿ ಬರಬೇಕು, ತಗಡೂ ದೂರದಿಂದ ಬರಬೇಕು. ಲಂಡನ್ನಿನ ಕೂಲಿ ಬೇರೆ ಜಾಸ್ತಿ.

ಗಿರಾಕಿಗಳಿಗೂ ಅನುಮಾನ. ಕಬ್ಬಿಣದ ಮೈ ದಿಕ್ಸೂಚಿಯನ್ನು ದಾರಿ ತಪ್ಪಿಸುತ್ತಿತ್ತು. ಖಗೋಳ ವಿಜ್ಞಾನಿ ಜಾರ್ಜ್ ಏರಿ 1838ರಲ್ಲಿ 'ರೇನ್‌ಬೋ' ಎಂಬ ಕಬ್ಬಿಣದ ಹಡಗಿನ ಮೇಲೆ ಪ್ರಯೋಗ ಮಾಡಿ, ದಿಕ್ಸೂಚಿಯ ಪಕ್ಕ ಅಯಸ್ಕಾಂತ ಇಟ್ಟು ಸರಿಪಡಿಸುವ ದಾರಿ ತೋರಿಸಿದರು. ಅಲ್ಲಿಯವರೆಗೆ ಕಬ್ಬಿಣದ ಹಡಗನ್ನು ನಂಬಿ ನಡುಗಡಲಿಗೆ ಹೋಗುವುದು ಧೈರ್ಯದ ಮಾತೇ. ಮಿಲ್‌ವಾಲ್ ಯಾರ್ಡಿನ ಮೊದಲ ಮೂರು ವರ್ಷ ಈ ಅನುಮಾನದ ನೆರಳಲ್ಲೇ ಕಳೆಯಿತು.

ತೂತು ಎಷ್ಟು ಕಸಿಯುತ್ತದೆ?

ನನ್ನ ಪ್ರಕಾರ ಈ ಪ್ರಕರಣದ ತಿರುಳು ಇಲ್ಲಿದೆ. ತಗಡಿಗೆ ರಿವೆಟ್ ಹೊಡೆಯಬೇಕಾದರೆ ತೂತು ಕೊರೆಯಬೇಕು. ತೂತು ಕೊರೆದರೆ ತಗಡು ದುರ್ಬಲವಾಗುತ್ತದೆ. ಎಷ್ಟು ದುರ್ಬಲ? ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅಂದಾಜಿನ ಮೇಲೆ ಕಟ್ಟುತ್ತಿದ್ದರು. ಫೇರ್‌ಬೇರ್ನ್ ಸುಮ್ನೆ ಕೂರಲಿಲ್ಲ. 1838ರ ಹೊತ್ತಿಗೆ ತಗಡುಗಳನ್ನು, ರಿವೆಟ್ ಹಾಕಿದ ಜೋಡಣೆಗಳನ್ನು ಎಳೆದು ಹರಿದು ನೋಡಲು ಶುರು ಮಾಡಿದರು. ಪೂರ್ತಿ ತಗಡಿನ ಬಲ 100 ಅಂದುಕೊಂಡರೆ, ಎರಡು ಸಾಲು ರಿವೆಟ್ ಹಾಕಿದ ಜೋಡಣೆಯ ಬಲ 70, ಒಂದೇ ಸಾಲಿನದು 56. ಈ ಮೂರು ಅಂಕಿಗಳು ಮುಂದೆ ಹಲವು ದಶಕ ಬಾಯ್ಲರ್, ಹಡಗು, ಸೇತುವೆ ಮಾಡುವವರ ಕೈಪಿಡಿಯಲ್ಲಿ ಇದ್ದವು.

ಇಂಥ ಪರೀಕ್ಷೆಗೆ ದುಡ್ಡು ಖರ್ಚಾಗುತ್ತದೆ. ಹಡಗು ಕೊಳ್ಳುವವನು ಅದಕ್ಕೆ ಬಿಡಿಗಾಸೂ ಕೊಡುವುದಿಲ್ಲ. ಫಲಿತಾಂಶ ಅಚ್ಚಾದ ಮೇಲೆ ಪಕ್ಕದ ಯಾರ್ಡಿನವನೂ ಅದನ್ನೇ ಬಳಸುತ್ತಾನೆ. ಪಕ್ಕದಲ್ಲಿ ಯಾರ್ಡುಗಳು ಬರತೊಡಗಿದ್ದವು ಕೂಡ. ಡಿಚ್‌ಬರ್ನ್ ಮತ್ತು ಮೇರ್ ಎಂಬ ಜೋಡಿ 1837ರಲ್ಲಿ ಕಬ್ಬಿಣದ ಹಡಗಿಗೆ ಕೈಹಾಕಿ, ಸ್ವಲ್ಪದರಲ್ಲೇ ಬ್ಲಾಕ್‌ವಾಲ್‌ಗೆ ಬಂದು ಕೂತಿತ್ತು.

ಮಿಲ್‌ವಾಲ್‌ನ ಅತಿ ದೊಡ್ಡ ಪರೀಕ್ಷೆ ನಡೆದದ್ದು ಹಡಗಿಗಾಗಿ ಅಲ್ಲ, ಸೇತುವೆಗಾಗಿ. ಜಾರ್ಜ್ ಸ್ಟೀಫನ್‌ಸನ್ನರ ಮಗ ರಾಬರ್ಟ್ ಸ್ಟೀಫನ್‌ಸನ್ ವೇಲ್ಸಿನ ಮೆನಾಯ್ ಜಲಸಂಧಿಯ ಮೇಲೆ ರೈಲು ದಾಟಿಸಬೇಕಿತ್ತು. ಕೆಳಗೆ ಹಡಗುಗಳು ಹೋಗಬೇಕು, ಆದ್ದರಿಂದ ಕಮಾನು ಕಟ್ಟಲು ನೌಕಾಪಡೆ ಬಿಡಲಿಲ್ಲ. ಕಬ್ಬಿಣದ ದೊಡ್ಡ ಕೊಳವೆ ಮಾಡಿ, ಅದರೊಳಗೇ ರೈಲು ಓಡಿಸಿದರೆ ಹೇಗೆ ಅಂತ ಅವರ ಯೋಚನೆ. ಇದಕ್ಕೆ ಬೇಕಾದ ಧೈರ್ಯ ಹಡಗಿನಿಂದಲೇ ಬಂತು. ಬ್ಲಾಕ್‌ವಾಲ್‌ನಲ್ಲಿ 'ಪ್ರಿನ್ಸ್ ಆಫ್ ವೇಲ್ಸ್' ಎಂಬ ಕಬ್ಬಿಣದ ಹಡಗು ನೀರಿಗಿಳಿಯುವಾಗ ಅರ್ಧಕ್ಕೆ ಸಿಕ್ಕಿಕೊಂಡು, ಸುಮಾರು 110 ಅಡಿ ಉದ್ದಕ್ಕೆ ಕೆಳಗೆ ಆಧಾರವೇ ಇಲ್ಲದೆ ನೇತಾಡಿತ್ತು. ಮರದ ಹಡಗಾಗಿದ್ದರೆ ಸೊಂಟ ಮುರಿಯುತ್ತಿತ್ತು. ಅದಕ್ಕೆ ಏನೂ ಆಗಲಿಲ್ಲ.

1845ರಲ್ಲಿ ಮಿಲ್‌ವಾಲ್‌ನಲ್ಲಿ ಪರೀಕ್ಷೆ ಶುರುವಾಯಿತು. ಗುಂಡಗಿನ ಕೊಳವೆ, ಮೊಟ್ಟೆಯಾಕಾರದ ಕೊಳವೆ, ಚೌಕದ ಕೊಳವೆ, ಎಲ್ಲ ಮಾಡಿ ಎರಡು ತುದಿ ಊರಿಸಿ, ನಡುವೆ ಭಾರ ತೂಗಿಬಿಟ್ಟು ಮುರಿದರು. ಬೀಡು ಕಬ್ಬಿಣದ ತೊಲೆಯಲ್ಲಿ ಮೊದಲು ಹರಿಯುವುದು ಕೆಳಭಾಗ. ಇಲ್ಲಿ ನೋಡಿದರೆ ಮೇಲಿನ ತಗಡು ಹಪ್ಪಳದ ಹಾಗೆ ಸುಕ್ಕುಗಟ್ಟಿ ಮಡಚಿಕೊಳ್ಳುತ್ತಿತ್ತು. ತೆಳು ತಗಡಿಗೆ ಎಳೆತಕ್ಕಿಂತ ಒತ್ತಡವೇ ಶತ್ರು ಅನ್ನುವುದು ಹೀಗೆ ಗೊತ್ತಾಯಿತು. ಮದ್ದೂ ಅಲ್ಲೇ ಸಿಕ್ಕಿತು. ಮೇಲ್ಭಾಗದಲ್ಲಿ ಒಂದೇ ದಪ್ಪ ತಗಡಿನ ಬದಲು ಚಿಕ್ಕ ಚಿಕ್ಕ ಗೂಡುಗಳ ಸಾಲು ಮಾಡಿದರು. ಗುಂಡು, ಮೊಟ್ಟೆ ಆಕಾರಗಳು ಬಿದ್ದುಹೋದವು, ಚೌಕ ಗೆದ್ದಿತು. ಲೆಕ್ಕದ ಭಾಗಕ್ಕೆ ಈಟನ್ ಹಾಜ್ಕಿನ್‌ಸನ್ ಎಂಬ ಗಣಿತಜ್ಞರು ಜೊತೆಗಿದ್ದರು.

ಆಮೇಲೆ ನಿಜವಾದ ಸೇತುವೆಯ ಆರನೇ ಒಂದು ಅಳತೆಯ ಮಾದರಿ ಕಟ್ಟಿದರು. ಆಧಾರಗಳ ನಡುವೆ 75 ಅಡಿ. ಮೊದಲ ಸಲ ಸುಮಾರು 35 ಟನ್ನಿಗೆ ಕೆಳಗಿನ ತಗಡು ಹರಿಯಿತು. ರಿಪೇರಿ ಮಾಡಿದರು, ಮತ್ತೆ ಮುರಿದರು. ಎಲ್ಲಿ ಸೋತಿತೋ ಅಲ್ಲಿ ಮಾತ್ರ ಸ್ವಲ್ಪ ಕಬ್ಬಿಣ ಸೇರಿಸುತ್ತ ಹೋದರು. ಕೊನೆಗೆ ಅದೇ ಮಾದರಿ 86 ಟನ್ ಹೊತ್ತಿತು. ಕೊಳವೆಗೆ ಆಸರೆಯಾಗಿ ಸರಪಳಿ ಬೇಕು ಅಂತ ಸ್ಟೀಫನ್‌ಸನ್ ಅಂದುಕೊಂಡಿದ್ದರು. ಬೇಡವೇ ಬೇಡ ಅಂತ ಫೇರ್‌ಬೇರ್ನ್ ಹಟ ಹಿಡಿದರು, ಗೆದ್ದರು. ಬ್ರಿಟಾನಿಯಾ ಎಂಬ ಹೆಸರಿನ ಆ ಸೇತುವೆಯ ಗೋಪುರಗಳಲ್ಲಿ ಸರಪಳಿಗೆಂದು ಬಿಟ್ಟ ಕಿಂಡಿಗಳು ಇಂದಿಗೂ ಖಾಲಿ ಇವೆ.

1850ರಲ್ಲಿ ಸೇತುವೆ ತೆರೆಯಿತು. ಒಂದೊಂದು ದೊಡ್ಡ ಅಂತರ 460 ಅಡಿ. ಆದರೆ ಕೊಳವೆಗಳ ಬಹುಪಾಲು ಗುತ್ತಿಗೆ ಯಾರಿಗೆ ಸಿಕ್ಕಿತು ಗೊತ್ತಾ? ಬ್ಲಾಕ್‌ವಾಲ್‌ನ ಮೇರ್ ಅವರಿಗೆ! ಶ್ರೇಯಸ್ಸು ಯಾರದು ಅನ್ನುವ ಜಗಳದಲ್ಲಿ ಫೇರ್‌ಬೇರ್ನ್ 1848ರಲ್ಲೇ ಸೇತುವೆ ಕೆಲಸ ಬಿಟ್ಟು ಹೊರಬಂದಿದ್ದರು. ಅಪ್ಪನ ಕಾಲದ ಗೆಳೆತನ ಮಗನ ಕಾಲಕ್ಕೆ ಹೀಗೆ ಮುಗಿಯಿತು. ಮಿಲ್‌ವಾಲ್ ಕೈಬಿಟ್ಟದ್ದೂ ಅದೇ ವರ್ಷ.

ಹಾಗಾದರೆ ನಷ್ಟ ಎಲ್ಲಾಯಿತು?

ದೂರ, ಕಲ್ಲಿದ್ದಲು, ಕೂಲಿ, ಪೈಪೋಟಿ, ಎಲ್ಲವೂ ಸೇರಿವೆ. ಆದರೆ ದೊಡ್ಡ ಕಾರಣ ಬೇರೆ ಅಂತ ನನಗನ್ನಿಸುತ್ತದೆ. ಹಿಂದೆ ಯಾರೂ ಕಟ್ಟಿರದ ವಸ್ತುವಿಗೆ ಮೊದಲೇ ಬೆಲೆ ಒಪ್ಪಿಕೊಳ್ಳಬೇಕು. ಕಟ್ಟುವಾಗ ಕಲಿಯಬೇಕು. ಕಲಿಕೆಯ ಖರ್ಚು ಕಟ್ಟುವವನ ತಲೆಗೇ ಬರುತ್ತದೆ.

ನೌಕಾಪಡೆಯ ಆರ್ಡರ್ ಬಂದದ್ದೂ ತಡವಾಗಿ. 1840ರ ದಶಕದ ನಡುವೆ ಅವರು ಒಂದಷ್ಟು ಕಬ್ಬಿಣದ ಯುದ್ಧನೌಕೆಗಳನ್ನು ಬೇರೆ ಬೇರೆ ಯಾರ್ಡುಗಳಿಗೆ ಹಂಚಿದರು. ಫೇರ್‌ಬೇರ್ನ್ ಪಾಲಿಗೆ ಬಂದದ್ದು 'ಮೆಗೀರಾ'. ಅಷ್ಟರಲ್ಲಿ ಗುಂಡಿನ ಪರೀಕ್ಷೆಯಲ್ಲಿ ತಗಡು ಚೂರುಚೂರಾಗಿ ಸಿಡಿಯುವುದು ಕಂಡಿತು. ಈ ನೌಕೆಗಳಲ್ಲಿ ಹೆಚ್ಚಿನವು ಸೈನಿಕರನ್ನು ಸಾಗಿಸುವ ಹಡಗುಗಳಾದವು. ಪಿ ಅಂಡ್ ಒ ಎಂಬ ಹಡಗು ಸಾರಿಗೆ ಕಂಪನಿಗೆ ಕಟ್ಟಿದ 'ಪಾಟಿಂಜರ್' ಯಾರ್ಡಿನ ಹೆಮ್ಮೆಯ ಹಡಗುಗಳಲ್ಲಿ ಒಂದು. ಹೆಸರು ಹೆನ್ರಿ ಪಾಟಿಂಜರ್ ಅವರದು. 1848ರಲ್ಲಿ ಮದ್ರಾಸಿನ ಗವರ್ನರ್ ಆಗಿ ಬಂದವರು ಇವರೇ. ಆಗ ಮಂಗಳೂರು, ಬಳ್ಳಾರಿ ಎರಡೂ ಮದ್ರಾಸಿನ ಕೈಕೆಳಗಿದ್ದವು.

'ಮೆಗೀರಾ' ನೀರಿಗಿಳಿದದ್ದು 1849ರಲ್ಲಿ, ಫೇರ್‌ಬೇರ್ನ್ ಯಾರ್ಡ್ ಬಿಟ್ಟ ಮೇಲೆ. 1871ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗುವಾಗ ಹಿಂದೂ ಮಹಾಸಾಗರದ ನಡುವೆ ತಳದಲ್ಲಿ ನೀರು ಬರತೊಡಗಿತು. ನೋಡಿದರೆ ತಗಡು ತುಕ್ಕು ಹಿಡಿದು ಕಾಗದದಂತೆ ತೆಳ್ಳಗಾಗಿ ತೂತಾಗಿತ್ತು. ಸೇಂಟ್ ಪಾಲ್ ಎಂಬ ಬರಡು ದ್ವೀಪಕ್ಕೆ ಹಡಗನ್ನು ಹತ್ತಿಸಿದರು. ಸುಮಾರು 400 ಜನ ತಿಂಗಳುಗಟ್ಟಲೆ ಅಲ್ಲಿ ಕಾದು ಬದುಕಿ ಬಂದರು. ತನಿಖೆಯಲ್ಲಿ ಬೈಗುಳ ಬಿದ್ದದ್ದು ಕಟ್ಟಿದವರಿಗಲ್ಲ, 20 ವರ್ಷ ಸರಿಯಾಗಿ ನೋಡಿಕೊಳ್ಳದವರಿಗೆ.

ಯಾರ್ಡಿನ ಮುಂದಿನ ಬಾಡಿಗೆದಾರರು

ಫೇರ್‌ಬೇರ್ನ್ ಬಿಟ್ಟ ಯಾರ್ಡನ್ನು ಹಿಡಿದವರು ಜಾನ್ ಸ್ಕಾಟ್ ರಸೆಲ್ ಮತ್ತು ಅವರ ಪಾಲುದಾರರು. ಇಲ್ಲಿ ಕತೆ ಮತ್ತೆ ಕಾಲುವೆಗೆ ಬರುತ್ತದೆ. 1834ರಲ್ಲಿ ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ದೋಣಿ ಥಟ್ಟನೆ ನಿಂತಾಗ, ಅದರ ಮುಂದಿನ ನೀರು ಒಂದೇ ಗುಡ್ಡೆಯಾಗಿ ಆಕಾರ ಕೆಡದೆ ಉರುಳಿಕೊಂಡು ಹೋಗುವುದನ್ನು ಕಂಡು, ಕುದುರೆ ಏರಿ ಬೆನ್ನಟ್ಟಿದ ಮನುಷ್ಯ ಇವರೇ. ಆ ಒಂಟಿ ಅಲೆಯ ಮೇಲೆ ಇಂದಿಗೂ ಭೌತಶಾಸ್ತ್ರದವರು ತಲೆ ಕೆಡಿಸಿಕೊಳ್ಳುತ್ತಾರೆ. ಫೇರ್‌ಬೇರ್ನ್ ಅವರನ್ನು ಹಡಗಿಗೆ ಎಳೆದ ಕಾಲುವೆಯ ಅಲೆಯೇ ರಸೆಲ್ ಅವರನ್ನೂ ಎಳೆದಿತ್ತು.

ರಸೆಲ್ ಒಪ್ಪಿಕೊಂಡ ಕೆಲಸ ಎಂಥದ್ದು ಅಂದರೆ, ಎಂಜಿನಿಯರ್ ಬ್ರುನೆಲ್ ಅವರ 'ಗ್ರೇಟ್ ಈಸ್ಟರ್ನ್' ಹಡಗು. 692 ಅಡಿ ಉದ್ದ. ಸುಮಾರು 30 ಲಕ್ಷ ರಿವೆಟ್, ಎಲ್ಲವೂ ಕೈಯಲ್ಲಿ ಬಡಿದದ್ದು. ಯಾರ್ಡಿನಲ್ಲಿ ಜಾಗ ಸಾಲದೆ ಪಕ್ಕದ ಯಾರ್ಡನ್ನೂ ಬಾಡಿಗೆಗೆ ಹಿಡಿದರು. ಎರಡು ಪದರದ ಮೈ, ಮೇಲ್ಭಾಗದಲ್ಲಿ ಗೂಡುಗಳು. ಇದೇ ನೆಲದಲ್ಲಿ ಹತ್ತು ವರ್ಷ ಹಿಂದೆ ಸೇತುವೆಗೆಂದು ಕಂಡುಕೊಂಡ ಉಪಾಯ ಮತ್ತೆ ಹಡಗಿಗೆ ವಾಪಸ್ ಬಂದಿತ್ತು. ಬ್ರುನೆಲ್ ಅಂದಾಜು 5 ಲಕ್ಷ ಪೌಂಡ್. ರಸೆಲ್ ಒಪ್ಪಿದ ಬೆಲೆ 3,77,200 ಪೌಂಡ್. ಮುಂದೇನಾಯಿತು ಅಂತ ಊಹಿಸಬಹುದು. 1856ರ ಫೆಬ್ರುವರಿಯಲ್ಲಿ ಸಾಲ ಕೊಟ್ಟವರಿಗೆ ತೀರಿಸಲು ದುಡ್ಡಿಲ್ಲ ಅಂತ ಕೈಯೆತ್ತಿದರು. ಹಡಗನ್ನು ಅಡ್ಡಡ್ಡ ನೀರಿಗೆ ತಳ್ಳಲು 1857ರ ನವೆಂಬರಿನಿಂದ 1858ರ ಜನವರಿ ಕೊನೆಯವರೆಗೆ ಹಿಡಿಯಿತು. ಭಾರತ, ಆಸ್ಟ್ರೇಲಿಯಾಕ್ಕೆ ಜನರನ್ನು ಒಯ್ಯಲಿ ಅಂತ ಕಟ್ಟಿದ ಆ ಹಡಗು ಮುಂಬೈಗೇನೋ ಬಂತು, ಆದರೆ ಸಮುದ್ರದಡಿ ತಂತಿ ಹಾಸಲು. 1870ರಲ್ಲಿ ಮುಂಬೈಯಿಂದ ಏಡನ್‌ವರೆಗೆ ಹಾಸಿತು.

ಮಿಲ್‌ವಾಲ್‌ನ ಮೂರನೆಯ ಪಾಳಿ ಮಿಲ್‌ವಾಲ್ ಐರನ್ ವರ್ಕ್ಸ್ ಕಂಪನಿಯದು. ಅವರು ಕಟ್ಟಿದ 'ನಾರ್ತಂಬರ್‌ಲ್ಯಾಂಡ್' ಎಂಬ ಕಬ್ಬಿಣದ ಕೋಟೆಯಂಥ ಯುದ್ಧನೌಕೆ 1866ರಲ್ಲಿ ನೀರಿಗಿಳಿಯುವಾಗ ಅರ್ಧಕ್ಕೆ ಸಿಕ್ಕಿಕೊಂಡು ಒಂದು ತಿಂಗಳು ಅಲ್ಲೇ ಕೂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ನಿನ ಓವರೆಂಡ್ ಗರ್ನಿ ಬ್ಯಾಂಕು ಮುಳುಗಿತು, ಈ ಕಂಪನಿಯೂ ಕೆಳಗಿಳಿಯಿತು. ಮಿಲ್‌ವಾಲ್‌ನ ಈ ಒಂದೇ ಮೂಲೆಯಲ್ಲಿ 20 ವರ್ಷದೊಳಗೆ ಮೂರು ನಷ್ಟದ ಕತೆ.

ಫೇರ್‌ಬೇರ್ನ್ ಮಾತ್ರ ಬಿದ್ದು ಏಳಲಾರದೆ ಹೋಗಲಿಲ್ಲ. ಮ್ಯಾಂಚೆಸ್ಟರಿನ ವರ್ಕ್‌ಶಾಪ್ ಅವರನ್ನು ಕಾಪಾಡಿತು. ಹಡಗು ಬಿಟ್ಟು ಅದೇ ತಗಡು, ರಿವೆಟ್ಟಿನ ಬುದ್ಧಿಯಿಂದ ಸೇತುವೆ ತೊಲೆ, ಕ್ರೇನು, ಬಾಯ್ಲರ್ ಮಾಡಿದರು. 1869ರಲ್ಲಿ ಸರ್ಕಾರ ಬ್ಯಾರನೆಟ್ ಪದವಿ ಕೊಟ್ಟಿತು. 1874ರಲ್ಲಿ ತೀರಿಕೊಂಡರು.

ಯಾರ್ಡಿನ ಜಾಗಕ್ಕೆ 1888ರಲ್ಲಿ ಬರೆಲ್ ಎಂಬ ಬಣ್ಣದ ಕಂಪನಿ ಬಂತು. ಅದು 1980ರ ದಶಕದವರೆಗೂ ಅಲ್ಲೇ ನಡೆಯಿತು. ಈಗ ಅಲ್ಲಿ ಅಪಾರ್ಟ್‌ಮೆಂಟುಗಳಿವೆ. ರಸೆಲ್ ಕಾಲದಲ್ಲಿ ತಗಡು ಕೆಲಸಕ್ಕೆ ಕಟ್ಟಿದ ಕಟ್ಟಡ ಇನ್ನೂ ನಿಂತಿದೆ, ಹೆಸರು ಪ್ಲೇಟ್ ಹೌಸ್. ಪಕ್ಕದಲ್ಲಿ 'ಗ್ರೇಟ್ ಈಸ್ಟರ್ನ್' ಜಾರಿದ ಹಾದಿಯ ಮರದ ದಿಮ್ಮಿಗಳೂ ನದಿ ದಂಡೆಯಲ್ಲಿ ಕಾಣುತ್ತವೆ.